ನಮ್ಮ ಎಲ್ಲೆ



ನಾವು ಓದಿದ್ದು ಮೆಟ್ರಿಕ್‌ವರೆಗೆ ಮಾತ್ರ. ಕಂಬದೂರಿನಲ್ಲಿ ನಲವತ್ತು ವರ್ಷ ಕಡಲೆಕಾಯಿ ವ್ಯಾಪಾರ ಮಾಡಿದವರು. ತಕ್ಕಡಿ ಹಿಡಿದ ಕೈ ಲೇಖನಿ ಹಿಡಿದಿದೆ, ತಪ್ಪಿದ್ದರೆ ಮನ್ನಿಸಬೇಕು.

ಕಳೆದ ವರ್ಷ ಅಂಗಡಿ ಮುಚ್ಚಿದೆವು. ಊರಿನ ಮನೆಯನ್ನೂ ನಾಲ್ಕು ಎಕರೆ ಖುಷ್ಕಿ ಹೊಲವನ್ನೂ ಮಾರಿ ಬೆಂಗಳೂರಿಗೆ ಬಂದುಬಿಡಿ ಎಂದು ಮಗನ ಒತ್ತಾಯ. ನಮಗೆ ಸಕ್ಕರೆ ಕಾಯಿಲೆ, ರಾತ್ರಿ ನಿದ್ರೆಯಿಲ್ಲ. ಅಲ್ಲಾದರೆ ಆಸ್ಪತ್ರೆ ಹತ್ತಿರ ಎಂದ. ಸುಳ್ಳಲ್ಲ. ಮುಂಗಡ ತೆಗೆದುಕೊಳ್ಳುವ ದಿನವೂ ಗೊತ್ತಾಯಿತು. ಅಷ್ಟರಲ್ಲಿ ಮೈಸೂರಿನ ಮಗಳ ಮನೆಗೆ ಹೋಗಿದ್ದೆವು. ಅಳಿಯಂದಿರು ಬಿಳಿಗಿರಿರಂಗನ ಬೆಟ್ಟಕ್ಕೆ ಕರೆದೊಯ್ದರು.

ಅಲ್ಲಿ ಸೋಲಿಗರ ಪೋಡೊಂದರಲ್ಲಿ ವಯಸ್ಸಾದ ಯಜಮಾನರ ಜತೆ ಕುಳಿತೆವು. ಅವರು ಜೇನು ತಂದಿಟ್ಟರು. ಜೇನು, ಗೆಡ್ಡೆ ನಮಗೆ ವರ್ಜ್ಯ ಎಂದೆವು. ಬೇಸರಪಡದೆ ಕಾಡುನೆಲ್ಲಿ ಕೊಟ್ಟರು. ಗೆಡ್ಡೆ ಅಗೆದರೆ ಒಂದು ತುಂಡನ್ನು ಮಣ್ಣಿಗೇ ಬಿಡುತ್ತಾರಂತೆ. ನೆಲ್ಲಿ ಕಿತ್ತರೆ ಹಕ್ಕಿ, ಪ್ರಾಣಿಗಳ ಪಾಲು ಮರದಲ್ಲೇ ಉಳಿಸುತ್ತಾರಂತೆ.

ಸೋಲಿಗರ ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಎಲ್ಲೆ ಉಂಟು. ಅದರೊಳಗೆ ದೇವರು, ಮಾರಮ್ಮ, ವೀರ, ಅಬ್ಬಿಯೆಂಬ ನೀರಿನ ತಾಣ, ಹಿರಿಯರ ಕಲ್ಲುಗುಡಿ. ದೊಡ್ಡ ಸಂಪಿಗೆ ಮರವೂ ಅವರಿಗೆ ದೇವರೇ. ಈ ತಾಣಗಳಿಗೆ ಹೋಗಿಬಂದರೇನೇ ಮೈಗೂ ಮನಸ್ಸಿಗೂ ಸುಖ ಎಂದರು ಯಜಮಾನರು. 1974ರಲ್ಲಿ ಕಾಡು ವನ್ಯಧಾಮವಾಯಿತು. ಎಷ್ಟೋ ಕುಟುಂಬಗಳು ತಮ್ಮ ಎಲ್ಲೆ ಬಿಟ್ಟು ಬರಬೇಕಾಯಿತು. ಡಾಕ್ಟರ್ ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿ ವೈದ್ಯ ಮಾಡಿದರು; ಸೋಲಿಗರ ಬೇರು, ಸೊಪ್ಪಿನ ಮದ್ದಿಗೂ ಮರ್ಯಾದೆ ಕೊಟ್ಟರು. ಆದರೆ ಎಲ್ಲೆ ತಪ್ಪಿದ ಸಂಕಟಕ್ಕೆ ಆಸ್ಪತ್ರೆಯಲ್ಲಿ ಮದ್ದೆಲ್ಲಿ? 2011ರಲ್ಲಿ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾದರೂ, ಆ ವರ್ಷವೇ 25 ಪೋಡುಗಳ ಸಾಮೂಹಿಕ ಅರಣ್ಯ ಹಕ್ಕಿಗೆ ಸರ್ಕಾರದ ಮನ್ನಣೆ ಸಿಕ್ಕಿತು.

ಯಜಮಾನರು ಮೆಲ್ಲಗೆ ಕೇಳಿದರು: "ಸಾಮಿ, ನಿಮ್ಮ ಹಿರೀಕರ ಜಾಗ ಎಲ್ಲದೆ? ನಿಮ್ಮ ನೀರೆಲ್ಲದೆ?"

ನಮ್ಮ ತಂದೆ ತೋಡಿಸಿದ ಬಾವಿ, ದಡದ ಹುಣಸೆ ಮರ, ಬರಗಾಲದಲ್ಲಿ ತಾಯಿ ನೀರು ಹೊತ್ತ ದಾರಿ ಕಣ್ಣಮುಂದೆ ಬಂದವು. ಅವನ್ನೇ ಮಾರಲು ಹೊರಟಿದ್ದೇವೆ ಎನ್ನಲು ಬಾಯಿ ಬರಲಿಲ್ಲ.

ಮಣ್ಣಿಗೂ ಜೀವವುಂಟು, ಪೃಥ್ವೀಕಾಯವೆಂದು ಚಿಕ್ಕಂದಿನಿಂದ ಕೇಳಿದ್ದೆವು. ಮುನಿಗಳು ಬರಿಗಾಲಲ್ಲಿ ವಿಹಾರ ಮಾಡುವುದನ್ನು ಕಂಡು ಕೈಮುಗಿದಿದ್ದೆವು. ಸ್ವಂತ ಹೊಲವನ್ನು ಮಾತ್ರ ಎಕರೆಗಿಷ್ಟು ಎಂಬ ಲೆಕ್ಕದಲ್ಲೇ ನೋಡಿದ್ದೆವು.

ಊರಿಗೆ ಬಂದು ಮುಂಗಡ ಬೇಡವೆಂದೆವು. ಮಗ ಎರಡು ವಾರ ಮಾತು ಬಿಟ್ಟ. ಸೊಸೆಯೇ ನಡುವೆ ಬಂದು ದಾರಿ ಮಾಡಿದಳು. ಈಗ ತಿಂಗಳಿಗೆ ಹತ್ತು ದಿನ ಬೆಂಗಳೂರು, ಉಳಿದದ್ದು ಕಂಬದೂರು. ಬೆಳಿಗ್ಗೆ ಹೊಲದ ಬದುವಿನ ಮೇಲೆ ನಡೆಯುತ್ತೇವೆ. ಸಕ್ಕರೆ ಕಾಯಿಲೆಯವರ ಕಾಲಿಗೆ ಗಾಯವಾಗಬಾರದೆಂದು ಡಾಕ್ಟರು ಹೇಳಿರುವುದರಿಂದ ಚಪ್ಪಲಿ ಬಿಟ್ಟಿಲ್ಲ, ಮಾತ್ರೆಯನ್ನೂ ಬಿಟ್ಟಿಲ್ಲ. ಆದರೆ ರಾತ್ರಿ ನಿದ್ರೆ ಬರುತ್ತಿದೆ.

ರಜೆಗೆ ಬಂದ ಮೊಮ್ಮಗ ಬಾವಿಯ ಬಳಿ ನೆಲ್ಲಿ ಸಸಿ ನೆಟ್ಟು ಹೋಗಿದ್ದಾನೆ. ಫೋನಿನಲ್ಲಿ ನಮಗಿಂತ ಮೊದಲು ಅದರ ಕ್ಷೇಮ ಕೇಳುತ್ತಾನೆ.

ಊರಿನ ಆಸ್ತಿ ಮಾರಬೇಕೆಂದಿರುವ ಬಂಧುಗಳು ಅದಕ್ಕೆ ಮೊದಲು ಒಂದು ದಿನ ಆ ನೆಲದ ಮೇಲೆ ಸುಮ್ಮನೆ ಕುಳಿತು ಬರಲಿ. ನಮ್ಮ ಬೇಡಿಕೆ ಇಷ್ಟೇ.

ಜೈ ಜಿನೇಂದ್ರ.