ಸೆಂಟ್ರಿಂಗ್ ಹಲಗೆಯ ಗೆರೆಗಳು

ಸಿವಿಲ್ ಓದುವಾಗ ಕಾಲೇಜಿನ ಲೈಬ್ರರಿಯಲ್ಲಿ ಒಂದು ಕಪ್ಪು-ಬಿಳುಪು ಚಿತ್ರ ಕಂಡಿದ್ದೆ. ಮೆಕ್ಸಿಕೋ ನಗರದ ಸೊಚಿಮಿಲ್ಕೊ ಕಾಲುವೆಯ ದಂಡೆಯಲ್ಲಿ ಕಾಂಕ್ರೀಟಿನದೊಂದು ಹೂವು, ಎಂಟು ಎಸಳು. 1958ರಲ್ಲಿ ಎದ್ದ ಲಾಸ್ ಮನಾಂತಿಯಾಲೆಸ್ ಎಂಬ ಹೋಟೆಲಿನ ಚಾವಣಿ ಅದು. ದಪ್ಪ ನಾಲ್ಕು ಸೆಂಟಿಮೀಟರ್ ಎಂದಿತ್ತು. ಅಚ್ಚಿನ ತಪ್ಪಿರಬೇಕು ಅಂದುಕೊಂಡೆ. ನಮ್ಮ ಮನೆಯ ತಾರಸಿಯೇ ಅದರ ಮೂರರಷ್ಟಿತ್ತು.

ಕಟ್ಟಿದವರು ಫೆಲಿಕ್ಸ್ ಕಾಂದೆಲಾ. 1910ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿ, ಸ್ಪೇನಿನ ಅಂತರ್ಯುದ್ಧದಲ್ಲಿ ಸೋತ ಪಕ್ಷದಲ್ಲಿದ್ದು, 1939ರಲ್ಲಿ ನಿರಾಶ್ರಿತರಾಗಿ ಮೆಕ್ಸಿಕೋ ಸೇರಿದವರು. ಎರಡೇ ವರ್ಷಕ್ಕೆ ಆ ನೆಲದ ಪ್ರಜೆಯಾದರು. 1951ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಕಾಸ್ಮಿಕ್ ಕಿರಣಗಳ ಪ್ರಯೋಗಾಲಯಕ್ಕೆ ಕಿರಣ ತೂರಿಬರುವಷ್ಟು ತೆಳ್ಳಗಿನ ಸೂರು ಬೇಕಾಯಿತು. ನೆತ್ತಿಯಲ್ಲಿ ಒಂದೂವರೆ ಸೆಂಟಿಮೀಟರಿಗೆ ಇಳಿಸಿ ಕಟ್ಟಿಕೊಟ್ಟರು.

ಕುದುರೆಯ ಜೀನು ನೆನಪಿಸಿಕೊಳ್ಳಿ. ಉದ್ದಕ್ಕೆ ತಗ್ಗು, ಅಡ್ಡಕ್ಕೆ ಉಬ್ಬು. ಕಾಂದೆಲಾರ ಸೂರುಗಳ ಆಕಾರ ಅದೇ. ಎಲ್ಲಿ ನೋಡಿದರೂ ಡೊಂಕು, ಆದರೂ ಆ ಮೈಮೇಲೆ ನೆಟ್ಟನೆಯ ಗೆರೆ ಎಳೆಯಬಹುದು. ಹಾಗಾಗಿ ಕಾಂಕ್ರೀಟು ಸುರಿಯುವ ಅಚ್ಚಿಗೆ, ಅಂದರೆ ಸೆಂಟ್ರಿಂಗಿಗೆ, ಮರ ಬಾಗಿಸುವ ಗೋಜಿಲ್ಲ. ನೆಟ್ಟನೆಯ ಹಲಗೆಗಳನ್ನೇ ಒಂದಕ್ಕಿಂತ ಒಂದು ತುಸು ಓರೆಯಾಗಿ ಜೋಡಿಸುತ್ತ ಹೋದರೆ ಸೆಂಟ್ರಿಂಗ್ ತಾನಾಗಿಯೇ ತಿರುಚಿಕೊಳ್ಳುತ್ತದೆ. ಭಾರವನ್ನು ಆಕಾರವೇ ಹೊರುವುದರಿಂದ ಸಿಮೆಂಟು, ಕಂಬಿ ಎರಡೂ ಕಡಿಮೆ ಸಾಕು. ಕಡಿಮೆ ಮಾಡಲಾಗದ್ದು ಬಡಗಿಯ ಕೈಕೆಲಸ. ಎಲ್ಲವೂ ಸಲೀಸಾಗಿ ನಡೆಯಲಿಲ್ಲ: ಕಾಂದೆಲಾರದೇ ಕುವೆರ್ನವಾಕಾದ ಬಯಲು ಚಾಪೆಲ್ ಸೆಂಟ್ರಿಂಗ್ ಬಿಚ್ಚುವಾಗ ಕುಸಿದೇ ಬಿತ್ತು. ಎತ್ತರ ತಗ್ಗಿಸಿ ಮತ್ತೆ ಕಟ್ಟಿದರು.

ಆಮೇಲೆ ಕೂಲಿ ಏರಿತು. ಏರಬೇಕಾದದ್ದೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಉಳಿಸಿದ ಸಿಮೆಂಟಿಗಿಂತ ಹಲಗೆ ಹೊಂದಿಸುವ ಖರ್ಚೇ ಹೆಚ್ಚಾದಾಗ ಇಂಥ ಸೂರು ಕೇಳುವವರು ಇಲ್ಲವಾದರು. 1971ರಲ್ಲಿ ಕಾಂದೆಲಾ ಅಮೆರಿಕಕ್ಕೆ ಹೊರಟರು, 1997ರಲ್ಲಿ ಅಲ್ಲೇ ತೀರಿಕೊಂಡರು. ಸೂತ್ರಗಳು ಪುಸ್ತಕದಲ್ಲಿ ಉಳಿದಿವೆ. ಹಲಗೆಯ ಓರೆ ಎಷ್ಟಿರಬೇಕೆಂದು ಅಂಗೈಯಲ್ಲೇ ತಿಳಿಯುತ್ತಿದ್ದ ಬಡಗಿಗಳ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ. ನಾನಂತೂ ಕೆಲಸದಲ್ಲಿದ್ದಷ್ಟು ಕಾಲವೂ ಚಪ್ಪಟೆ ಆರ್‌ಸಿಸಿ ಹಾಕಿಸಿದೆ. ಒಂದೇ ಒಂದು ಜೀನು ಕಟ್ಟಿಸುವ ಯೋಗ ಬರಲಿಲ್ಲ.

2017ರ ಭೂಕಂಪ ಸೊಚಿಮಿಲ್ಕೊದ ಹೂವಿಗೂ ಪೆಟ್ಟು ಕೊಟ್ಟಿತೆಂದು ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು, ಕಾಂದೆಲಾರದೇ ಇನ್ನೊಂದು ಕಟ್ಟಡದ ಚಿತ್ರ ತೆಗೆದೆ. ನಾರ್ವಾರ್ತೆ ಬಡಾವಣೆಯ ಮೆದಾಯಾ ಮಿಲಗ್ರೋಸಾ ಚರ್ಚು. ಒಳಗೆ ಗಿಲಾವು ಮಾಡದೆ ಬಿಟ್ಟ ಕಾಂಕ್ರೀಟು. ಹಲಗೆಯ ಅಂಚು ಕೂತ ಕಡೆಯೆಲ್ಲ ಒಂದೊಂದು ಗೆರೆ. ಬೆರಳಿಟ್ಟು ಒಂದರ ಬೆನ್ನು ಹತ್ತಿದೆ. ನೆಟ್ಟಗೆ ಹೋಗುತ್ತಿತ್ತು. ಪಕ್ಕದ್ದೂ ನೆಟ್ಟಗೇ, ಕೊಂಚ ಓರೆ. ಅದರ ಪಕ್ಕದ್ದು ಇನ್ನೂ ಕೊಂಚ.