ಬದುವಿನೊಳಗಿನ ತೂತು

ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಜಲಾಶಯ ಮತ್ತು ಅದರ ಸುತ್ತಲ ಪಕ್ಷಿಧಾಮ. ಚಳಿಗಾಲದಲ್ಲಿ ಹಕ್ಕಿಗಳು ಬರುತ್ತವೆ. ಹಕ್ಕಿಗಳ ಬೆನ್ನಿಗೆ ಕ್ಯಾಮೆರಾದವರು ಬರುತ್ತಾರೆ. ಊರಿನವರ ಚಿಂತೆಯೇ ಬೇರೆ: ಗದ್ದೆ, ಗೋವಿನಜೋಳ, ಮಕ್ಕಳ ಫೀ. ಅಂಥದೊಂದು ಮನೆಯಲ್ಲಿ ಒಂದು ಮಳೆಗಾಲದ ರಜೆಯಲ್ಲಿ ಹಳೆಯ ಲ್ಯಾಪ್‌ಟಾಪೊಂದು ತಂದೆ ಮಗಳ ನಡುವೆ ಪಂಚಾಯಿತಿಗೆ ಬಂದಿತು.

ಲ್ಯಾಪ್‌ಟಾಪು ದೊಡ್ಡಪ್ಪನ ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದದ್ದು. ಅದರಲ್ಲಿದ್ದದ್ದು 2014ರ ಉಬುಂಟು 14.04. ವರ್ಷಗಳು ಉರುಳಿದರೂ ಒಂದು ದಿನ ಅದು ಸ್ತಬ್ಧವಾಗಿರಲಿಲ್ಲ. ತಂದೆ ಬ್ಯಾಂಕಿನ ಲೆಕ್ಕ ನೋಡುತ್ತಿದ್ದದ್ದು ಅದರಲ್ಲೇ. ಮಗಳ ವಿದ್ಯಾರ್ಥಿವೇತನದ ಕಾಗದಪತ್ರ, ತೀರಿಹೋದ ಅಜ್ಜಿಯ ಫೋಟೋಗಳು ಇದ್ದದ್ದೂ ಅದರಲ್ಲೇ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಓದುತ್ತಿದ್ದ ಮಗಳು ರಜೆಗೆ ಬಂದವಳು ಅದರ ಕರ್ನೆಲ್ ಯಾವುದೆಂದು ನೋಡಿದಳು. 3.13 ಎಂದಿತು. ಅವಳ ಮುಖ ಸಪ್ಪಗಾಯಿತು.

'ಅಪ್ಪಾ, ಇದನ್ನ ಬದಲು ಮಾಡಬೇಕು.'

'ಯಾಕವಾ? ಚಲೋ ನಡದೈತಲ್ಲ! ನಡಿಯೂ ಎತ್ತಿಗೆ ಯಾಕ ಬಾರಕೋಲು?'

ಈ ಮಾತು ಅತ್ತಿವೇರಿಯಲ್ಲಿ ಮಾತ್ರವಲ್ಲ, ಎಷ್ಟೋ ದೊಡ್ಡ ಕಚೇರಿಗಳಲ್ಲೂ ಕೇಳಿಬರುತ್ತದೆ. ಅದರಲ್ಲಿ ಅರ್ಧ ಸತ್ಯವೂ ಇದೆ. ಕರ್ನೆಲ್ ಎಂದರೆ ಕಾರ್ಯಾಚರಣೆ ವ್ಯವಸ್ಥೆಯ ತಿರುಳು. ಯಂತ್ರಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ಕುಳಿತು, ಯಾರಿಗೆ ಎಷ್ಟು ಸ್ಮೃತಿಕೋಶ, ಯಾರು ಯಾವ ಕಡತ ತೆರೆಯಬಹುದು ಎಂದು ತೀರ್ಮಾನಿಸುವ ಯಜಮಾನ ಅದು. ಯಂತ್ರದ ಜೊತೆ ಹೊಂದಿಕೊಂಡ ಹಳೆಯ ಯಜಮಾನ ಹೊಸಬನಿಗಿಂತ ಸಲೀಸಾಗಿ ಮನೆ ನಡೆಸಬಲ್ಲ. ಹಳೆಯದು ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಲಿನಕ್ಸ್‌ನಲ್ಲಿ ಕೆಲವು ಕರ್ನೆಲ್‌ಗಳನ್ನು ದೀರ್ಘಾವಧಿಗೆಂದೇ ಆರಿಸಿ, ಹೊಸದರಲ್ಲಿ ಸಿಕ್ಕ ದೋಷಗಳ ತಿದ್ದುಪಡಿಯನ್ನು ಅವಕ್ಕೂ ಹಾಕುತ್ತ ವರ್ಷಗಟ್ಟಲೆ ಕಾಪಾಡುತ್ತಾರೆ. ಪ್ರಶ್ನೆ ವಯಸ್ಸಿನದಲ್ಲ, ಆರೈಕೆಯದು. ಉಬುಂಟು 14.04ರ ಸಾಮಾನ್ಯ ಆರೈಕೆ 2019ರ ಏಪ್ರಿಲ್‌ನಲ್ಲೇ ಮುಗಿದಿತ್ತು.

ಮಗಳಿಗೆ ಇದನ್ನು ತಿಳಿಹೇಳುವುದು ಹೇಗೆಂದು ತೋಚಲಿಲ್ಲ. ಕೊನೆಗೆ ಗದ್ದೆಯೇ ನೆರವಿಗೆ ಬಂತು.

'ಅಪ್ಪಾ, ಬದುವಿನಾಗ ಏಡಿ ತೂತು ಕೊರದಿದ್ರ ಮ್ಯಾಲಿಂದ ಕಾಣಸ್ತದೇನು?'

'ಎಲ್ಲಿ ಕಾಣಸ್ತದ? ಬೆಳಗಾಗೂದ್ರಾಗ ನೀರೆಲ್ಲಾ ಖಾಲಿ ಆದಾಗ ತಿಳೀತದ.'

'ಇದೂ ಹಂಗಽ. ಬದು ಗಟ್ಟಿ ಐತಿ. ತೂತು ಎಲ್ಲೆಲ್ಲಿ ಅದಾವು ಅಂತ ಕಳ್ಳರಿಗೆ ಗೊತ್ತೈತಿ. ನಮಗ ಗೊತ್ತಿಲ್ಲ. ಮುಚ್ಚೂ ಮಂದಿ ಕೆಲಸ ಬಿಟ್ಟು ಹೋಗ್ಯಾರ.'

ಅವಳು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಲಿನಕ್ಸ್ ಕರ್ನೆಲ್‌ನಲ್ಲಿ 'ಡರ್ಟಿ ಕೌ' ಎಂಬ ದೋಷವೊಂದು 2016ರ ಅಕ್ಟೋಬರ್‌ನಲ್ಲಿ ಬಯಲಾಯಿತು. ಹೆಸರು ಕೇಳಿದರೆ ಕೊಳಕು ಹಸುವೆನಿಸಿದರೂ ಹಸುವಿಗೂ ಅದಕ್ಕೂ ಸಂಬಂಧವಿಲ್ಲ. 'ಕಾಪಿ ಆನ್ ರೈಟ್' ಎಂಬ ಸ್ಮೃತಿಕೋಶದ ಏರ್ಪಾಡಿನ ಹೆಸರನ್ನು ಮೊಟಕುಗೊಳಿಸಿದ್ದಷ್ಟೆ. ಸಾಮಾನ್ಯ ಬಳಕೆದಾರನೊಬ್ಬ ಆ ತೂತಿನಲ್ಲಿ ನುಸುಳಿ ಇಡೀ ಯಂತ್ರದ ಒಡೆಯನಾಗಬಹುದಿತ್ತು. 2007ರ ಆವೃತ್ತಿಯಿಂದ ಅದು ಒಂಬತ್ತು ವರ್ಷ ಹಾಗೇ ಇತ್ತು. ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ಅದಕ್ಕೂ ಮೊದಲೇ ಆ ಭಾಗವನ್ನು ತಿದ್ದಲು ಹೋಗಿ, ಬೇರೊಂದು ತೊಂದರೆಯಿಂದಾಗಿ ತಿದ್ದುಪಡಿಯನ್ನು ಹಿಂತೆಗೆಯಬೇಕಾಗಿತ್ತು. ಅಂಥವರ ಕೈಯೂ ತಪ್ಪುವ ಜಾಗವಿದು.

ಇನ್ನೊಂದು ಕಥೆ ವಿಂಡೋಸ್‌ನದು. 2017ರ ಮೇ 12ರಂದು 'ವಾನ್ನಾಕ್ರೈ' ಎಂಬ ಪಿಡುಗು ದೇಶದೇಶಗಳ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ಮುಂದೆ ಹೋದವು. ಸೋಜಿಗವೆಂದರೆ ಆ ತೂತಿಗೆ ತೇಪೆ ಎರಡು ತಿಂಗಳ ಹಿಂದೆ, ಮಾರ್ಚ್ 14ರಂದೇ ಬಂದಿತ್ತು! ಪೆಟ್ಟು ತಿಂದವುಗಳಲ್ಲಿ ಹೆಚ್ಚಿನವು 2014ರಲ್ಲೇ ಬೆಂಬಲ ನಿಂತಿದ್ದ ಎಕ್ಸ್‌ಪಿ ಯಂತ್ರಗಳಲ್ಲ, ಆಗಿನ್ನೂ ಬೆಂಬಲವಿದ್ದ ವಿಂಡೋಸ್ 7 ಯಂತ್ರಗಳು. ಔಷಧ ಮನೆಗೆ ಬಂದಿತ್ತು, ಕುಡಿದವರಿರಲಿಲ್ಲ. ತೇಪೆ ಪ್ರಕಟವಾದೊಡನೆ ತೂತು ಎಲ್ಲಿತ್ತೆಂಬುದು ಕಳ್ಳರಿಗೂ ತಿಳಿಯುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ನಿಜವಾದ ಅಂಜಿಕೆ ಆಮೇಲೆ ಹೊರಬಿತ್ತು. 'ಬದಲು ಮಾಡಾಕ ಹೋಗಿ ಇದ್ದದ್ದೂ ಕೆಟ್ರ? ಹೊಸಾದು ತಗೊಳ್ಳಾಕ ಈ ಸಲ ಆಗೂದಿಲ್ಲ ನೋಡವಾ.'

ಈ ಪ್ರಶ್ನೆಗೆ ಬೆಲೆ ಕೊಟ್ಟದ್ದು ಮಗಳ ಜಾಣತನ. ಮೊದಲು ಕಾಗದಪತ್ರ, ಫೋಟೋಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಅಲ್ಲಿ ತೆರೆಯುತ್ತವೆಯೇ ಎಂದು ನೋಡಿದಳು. ಬಳಿಕ 2029ರ ವರೆಗೆ ಆರೈಕೆಯಿರುವ ಉಬುಂಟು 24.04 ಅನ್ನು ಪೆನ್‌ಡ್ರೈವಿನಿಂದಲೇ ನಡೆಸಿದಳು. ಹೀಗೆ ಮಾಡಿದರೆ ಒಳಗಿನದನ್ನು ಮುಟ್ಟದೆ ಪರೀಕ್ಷಿಸಬಹುದು. ಒಳ್ಳೆಯದೇ ಆಯಿತು, ವೈಫೈ ಕಾಣಲೇ ಇಲ್ಲ. ತಂದೆ ಹುಬ್ಬೇರಿಸಿದರು. ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಬೇಕಾದ ಡ್ರೈವರ್ ಇಳಿಸಿಕೊಂಡ ಮೇಲೆ ವೈಫೈ ಬಂತು. ಆಮೇಲಷ್ಟೇ ಹಳೆಯದನ್ನು ತೆಗೆದಳು. ಯಂತ್ರ ಮೊದಲಿನಷ್ಟು ಚುರುಕಾಗಿ ಉಳಿಯಲಿಲ್ಲ. ಅದು ತೆತ್ತ ಬೆಲೆ.

ಇದೇ ಕೆಲಸ ದೊಡ್ಡ ಪ್ರಮಾಣದಲ್ಲೂ ನಡೆದಿದೆ. ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿದಂತೆ ಕೇರಳದ ಶಾಲೆಗಳಿಗೆ ಅಲ್ಲಿನ 'ಕೈಟ್' ಸಂಸ್ಥೆ ಉಬುಂಟು ಆಧರಿಸಿದ ವ್ಯವಸ್ಥೆಯನ್ನು ಕೊಡುತ್ತ, 14.04ರಿಂದ 18.04ಕ್ಕೆ, ಅಲ್ಲಿಂದ 22.04ಕ್ಕೆ ಸಾಗಿಬಂದಿದೆ.

ಹುಬ್ಬಳ್ಳಿಗೆ ಮರಳುವ ಮುನ್ನ ಮಗಳು ಮೂರು ಮಾತು ಹೇಳಿದಳು. ತಿದ್ದುಪಡಿ ಬಂತೆಂದರೆ ಮುಂದೂಡಬಾರದು. ಹೊಸ ಕರ್ನೆಲ್ ಇಳಿದರೂ ಯಂತ್ರವನ್ನು ಒಮ್ಮೆ ಆರಿಸಿ ಹಚ್ಚುವ ತನಕ ಒಳಗೆ ನಡೆಯುವುದು ಹಳೆಯದೇ. ಹೊಸದು ಮೊಂಡು ಹಿಡಿದರೆ, ಆರಂಭದ ಪಟ್ಟಿಯಲ್ಲಿ ಹಿಂದಿನ ಕರ್ನೆಲ್ ಇರುತ್ತದೆ. ಅದರಿಂದ ತಾತ್ಕಾಲಿಕವಾಗಿ ಕೆಲಸ ಸಾಗಿಸಬಹುದು.

ತಂದೆ ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿಸಿ ಬಂದವರು ಸಲಿಕೆ ಹೆಗಲಿಗೇರಿಸಿ ಗದ್ದೆಗೆ ನಡೆದರು. ರಾತ್ರಿ ಮಳೆಯಾಗಿತ್ತು, ಬದು ನೋಡಬೇಕಿತ್ತು. ಮನೆಯಲ್ಲಿ ಲ್ಯಾಪ್‌ಟಾಪು ಆರಿತ್ತು. ಸಂಜೆ ಹಚ್ಚಿದಾಗ ಅದು ಹೊಸ ಕರ್ನೆಲ್‌ನೊಂದಿಗೇ ಏಳಲಿತ್ತು.