ಮಸೀದಿಯ ಪಕ್ಕದ ಮನೆ

2016ರ ಮೇ ತಿಂಗಳಲ್ಲಿ ಹೊಳೆನರಸೀಪುರದ ಒಂದು ಪ್ರೌಢಶಾಲೆಯಿಂದ ಕನ್ನಡ ಅಧ್ಯಾಪಕನಾಗಿ ಸೇರಿಕೊಳ್ಳುವಂತೆ ಪತ್ರ ಬಂದಾಗ ನನಗೆ ಮೂವತ್ತಾರು ವರ್ಷ. ಅಲ್ಲಿಯವರೆಗೆ ಬೆಳ್ತಂಗಡಿ ತಾಲೂಕಿನ ನಮ್ಮೂರಿನಲ್ಲಿ ಬೆಳಗ್ಗೆ ಮದ್ರಸದ ಪಾಠ, ಹಗಲು ಒಂದು ಸಣ್ಣ ಶಾಲೆಯಲ್ಲಿ ಗೌರವಧನದ ಕೆಲಸ ಎಂದು ದಿನ ಕಳೆಯುತ್ತಿದ್ದೆ. ಮಗಳಿಗೆ ಏಳು ವರ್ಷ, ಮಗನಿಗೆ ಮೂರು. ಸಂಬಳ ಹೆಚ್ಚಾಗುವುದು ಖಚಿತವಿತ್ತು. ಎಲ್ಲಿ ಇಳಿದುಕೊಳ್ಳುವುದೆಂಬುದು ಮಾತ್ರ ತಿಳಿದಿರಲಿಲ್ಲ.

ಹಿಜ್ರಾದ ಸಂದರ್ಭದಲ್ಲಿ ಪ್ರವಾದಿ(ಸ)ರು ಮದೀನಾವನ್ನು ಪ್ರವೇಶಿಸಿದಾಗ ಅನ್ಸಾರರ ಒಂದೊಂದು ಕುಲದವರೂ ಒಂಟೆಯ ಹಗ್ಗ ಹಿಡಿದು ತಮ್ಮ ಬಳಿಯೇ ತಂಗಬೇಕೆಂದು ಬೇಡಿಕೊಂಡ ಘಟನೆಯನ್ನು ನಾವೆಲ್ಲ ಮದ್ರಸದ ದಿನಗಳಲ್ಲೇ ಕಲಿತಿದ್ದೇವೆ. ಒಂಟೆಯ ದಾರಿಯನ್ನು ಬಿಟ್ಟುಬಿಡಿರೆಂದೂ ಅದಕ್ಕೆ ಅಪ್ಪಣೆಯಾಗಿದೆಯೆಂದೂ ಅವರು ತಿಳಿಸಿದರು. ಯಾರ ಮನಸ್ಸನ್ನೂ ನೋಯಿಸದೆ ಹೊಸ ಊರಿನಲ್ಲಿ ನೆಲೆ ಆರಿಸಿಕೊಂಡ ಅದಕ್ಕಿಂತ ಸುಂದರವಾದ ಉದಾಹರಣೆ ನನಗೆ ಗೊತ್ತಿಲ್ಲ. ನನ್ನಂಥವನಿಗೆ ಅಂತಹ ಒಂಟೆಯಿಲ್ಲ. ಹಗ್ಗ ಹಿಡಿದೆಳೆಯುವ ಬಂಧುಗಳಿಗೇನೂ ಕೊರತೆಯಿರಲಿಲ್ಲ.

ನನ್ನ ಮಡದಿಯ ಅಕ್ಕ ಚನ್ನರಾಯಪಟ್ಟಣದಲ್ಲಿದ್ದರು. ಭಾವನಿಗೆ ಅಲ್ಲಿ ತೆಂಗಿನಕಾಯಿ ವ್ಯಾಪಾರ. ತಂಗಿ ಪಕ್ಕದ ಬೀದಿಗೇ ಬರಲಿ, ಹೆದ್ದಾರಿಯ ಊರು, ಬೆಂಗಳೂರಿಗೆ ರೈಲೂ ಬರಲಿದೆ ಎಂಬುದು ಅವರ ಆಸೆ. ರೈಲೇನೋ ಬಂತು. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನ–ಬೆಂಗಳೂರು ನೇರ ಮಾರ್ಗ 2017ರ ಮಾರ್ಚಿನಲ್ಲಿ ಆರಂಭವಾಯಿತು. ಆದರೆ ನಾನು ಹೋಗಬೇಕಾಗಿದ್ದದ್ದು ಬೆಂಗಳೂರಿಗಲ್ಲ. ಅರಕಲಗೂಡಿನಲ್ಲಿ ಪರಿಚಿತರೊಬ್ಬರು ಹಿತ್ತಲಿರುವ ಮನೆಯನ್ನು ಬಹಳ ಕಡಿಮೆ ಬಾಡಿಗೆಗೆ ಕೊಡಲು ಸಿದ್ಧರಿದ್ದರು. ಕನ್ನಡ ಓದಿದವನಿಗೆ ಅರಕಲಗೂಡೆಂದರೆ ಮೊದಲು ನೆನಪಾಗುವುದು ಅ.ನ.ಕೃ. ಹೆಸರಿನ ಆ ಮೊದಲ ಅಕ್ಷರ. ನೋಡಿಬರಲೆಂದು ಹೋದೆ. ಊರಾಚೆ ಆಲೂಗೆಡ್ಡೆಯ ಹೊಲಗಳು, ಹೊಗೆಸೊಪ್ಪಿನ ಬ್ಯಾರನ್‌ಗಳು, ಮನೆಯೂ ಹಿಡಿಸಿತು. ಆದರೆ ಅಲ್ಲಿಗೆ ರೈಲಿಲ್ಲ. ಶಾಲೆಯ ಹೊತ್ತಿಗೆ ಹೊಂದುವ ಬಸ್ಸನ್ನು ವಿಚಾರಿಸಿದಾಗ ಮೂವರು ಮೂರು ಸಮಯ ಹೇಳಿದರು. ಅಲ್ಲಿಗೆ ಆ ಆಲೋಚನೆ ಮುಗಿಯಿತು.

ಉಳಿದದ್ದು ಹಾಸನ ಮತ್ತು ಹೊಳೆನರಸೀಪುರ. ಊರಿನ ಹಿರಿಯರೆಲ್ಲ ಹಾಸನವನ್ನೇ ಸೂಚಿಸಿದರು. ಜಿಲ್ಲಾ ಕೇಂದ್ರ, ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆ, ನಮ್ಮವರ ಮೊಹಲ್ಲಾ, ಹೆಜ್ಜೆಗೊಂದು ಮಸೀದಿ. ಶಿರಾಡಿ ಘಾಟಿಯ ಮೇಲೆ ಊರಿಗೆ ನೇರ ಬಸ್ಸು. (2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಯೂ ರೈಲೂ ನಿಂತುಹೋದಾಗ ಎಲ್ಲಿದ್ದರೂ ಒಂದೇ ಎಂದು ಅರ್ಥವಾಯಿತು, ಅದು ಬೇರೆ ಮಾತು.) ನಾನು ಒಂದು ಹಾಳೆಯಲ್ಲಿ ಗೆರೆ ಎಳೆದು ಬಾಡಿಗೆ, ಬಸ್ಸು, ಆಸ್ಪತ್ರೆ, ಮಸೀದಿ, ಮದ್ರಸ ಎಂದು ಬರೆದು ಒಂದೊಂದಕ್ಕೂ ಅಂಕ ಕೊಟ್ಟೆ. ಹಾಸನ ಗೆದ್ದಿತು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವನ ಅಭ್ಯಾಸ!

ಇಬ್ರಾಹೀಮ್(ಅ)ರು ತಮ್ಮ ಕುಟುಂಬವನ್ನು ಬೆಳೆಯಿಲ್ಲದ ಕಣಿವೆಯಲ್ಲಿ ನೆಲೆಗೊಳಿಸಿ ಮಾಡಿದ ಪ್ರಾರ್ಥನೆಯನ್ನು ಎಷ್ಟೋ ಸಲ ಮಕ್ಕಳಿಗೆ ಪಾಠ ಮಾಡಿದ್ದೇನೆ. ಅದರಲ್ಲಿ ಮೊದಲು ನಮಾಝಿನ ಮಾತು ಬರುತ್ತದೆ, ಆಮೇಲೆ ಜನರ ಹೃದಯಗಳು ಅವರ ಕಡೆಗೆ ಒಲಿಯಲೆಂಬ ಬೇಡಿಕೆ, ಕೊನೆಗೆ ಫಲಗಳ ಆಹಾರ. ಆಹಾರಕ್ಕಿಂತ ಮೊದಲು ಹೃದಯಗಳು. ನನ್ನ ಹಾಳೆಯಲ್ಲಿ ಅದಕ್ಕೊಂದು ಕಲಮೇ ಇರಲಿಲ್ಲ. ಮಡದಿಯನ್ನು ಕೇಳಿದೆನೇ? ಕೇಳಿದೆ. ಆದರೆ ಮುಂಗಡ ಕೊಟ್ಟು ಬಂದ ಮೇಲೆ ಕೇಳಿದೆ.

ಹಾಸನದಲ್ಲಿ ಮಸೀದಿಯ ಗೋಡೆಗೆ ಆನಿಕೊಂಡಂತಿದ್ದ ಮನೆ. ಬಾಂಗ್ ಕೇಳಿದರೆ ಅಡುಗೆಮನೆಯ ಪಾತ್ರೆಗಳು ಕಂಪಿಸುತ್ತಿದ್ದವು. ನಾವು ಕರಾವಳಿಯವರು ಶಾಫಿಈಗಳು, ಅಲ್ಲಿಯವರು ಹನಫಿಗಳು. ಅಸರ್ ಜಮಾಅತ್ ನಮ್ಮೂರಿಗಿಂತ ತಡ, ಸುಬ್‌ಹಿಯಲ್ಲಿ ಖುನೂತ್ ಇಲ್ಲ. ಅವೆಲ್ಲ ಭಾರಿ ವಿಷಯಗಳೇನಲ್ಲ. ಎರಡು ಮದ್‌ಹಬ್‌ಗಳ ಸೌಂದರ್ಯವನ್ನು ಮಕ್ಕಳು ಕಣ್ಣಾರೆ ನೋಡಲಿ ಎಂದು ಸಂತೋಷಪಟ್ಟೆ. ತೊಡಕಾದದ್ದು ಭಾಷೆ. ಮನೆಯಲ್ಲಿ ನಮ್ಮದು ಬ್ಯಾರಿ, ಹೊರಗೆ ಕನ್ನಡ. ಆ ಬೀದಿಯ ಮನೆಮಾತು ಉರ್ದು. ಮದ್ರಸದ ಪಾಠವೂ ಉರ್ದುವಿನಲ್ಲೇ. ಊರಿನಲ್ಲಿ ಉಸ್ತಾದರಿಗಿಂತ ಮೊದಲೇ ಉತ್ತರ ಹೇಳುತ್ತಿದ್ದ ಮಗಳು ಇಲ್ಲಿ ಕುರ್‌ಆನ್ ಓದುವಾಗಲಷ್ಟೇ ಬಾಯಿ ತೆರೆದಳು. ಉಳಿದ ಹೊತ್ತು ಸುಮ್ಮನೆ ಕೂತಿರುತ್ತಾಳೆಂದು ಹಝ್ರತರು ಬೇಸರದಿಂದಲ್ಲ, ಕನಿಕರದಿಂದಲೇ ಹೇಳಿದರು. ಅವಳ ತಾಯಿಯೂ ಹಾಗೆಯೇ. ನೆರೆಯ ಹೆಂಗಸರು ಪ್ರೀತಿಯಿಂದ ಮಾತನಾಡಿಸಿದರೆ ನಗುವನ್ನೇ ಉತ್ತರವಾಗಿ ಕೊಟ್ಟು ಒಳಗೆ ಬಂದುಬಿಡುತ್ತಿದ್ದಳು. ನಮ್ಮವರ ನಡುವೆ ಇರಬೇಕೆಂದು ನಾನು ಹುಡುಕಿದ ಮನೆಯಲ್ಲಿ ಅವಳು ಒಬ್ಬಂಟಿಯಾಗಿದ್ದಳು. ಅದಕ್ಕೆ ಆ ಬೀದಿಯವರಾರೂ ಹೊಣೆಯಲ್ಲ.

ನನ್ನ ಪಾಡೂ ವಿಚಿತ್ರ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಗ್ಗೆ ಎಂಟಕ್ಕೆ ವಿಶೇಷ ತರಗತಿ, ಸಂಜೆ ಆರರವರೆಗೆ ಓದಿನ ಅವಧಿ. ಆರೂವರೆಯ ಒಳಗೆ ಮನೆ ಬಿಟ್ಟರೆ ಹಿಂದಿರುಗುವಾಗ ಎಂಟು. ಬೆಳಗ್ಗೆ ಮಕ್ಕಳು ನಿದ್ದೆಯಲ್ಲಿ, ರಾತ್ರಿ ತೂಕಡಿಕೆಯಲ್ಲಿ. ಕಸ್ರ್ ನಮಾಝಿಗೆ ಬೇಕಾದ ಪ್ರಯಾಣ ಎರಡೂ ಮದ್‌ಹಬ್‌ಗಳಲ್ಲಿ ಸುಮಾರು 80 ಕಿಲೋಮೀಟರಿನ ಆಸುಪಾಸಿನದು. ಹಾಸನದಿಂದ ಹೊಳೆನರಸೀಪುರಕ್ಕೆ ಅದರ ಅರ್ಧವೂ ಇಲ್ಲ. ಮುಸಾಫಿರನೆನಿಸಿಕೊಳ್ಳಲು ಸಾಲದು, ಬಳಲಲು ಸಾಕು. ಆ ವರ್ಷದ ರಮಝಾನ್ ಜೂನ್ ಮೊದಲ ವಾರದಲ್ಲೇ ಆರಂಭವಾಯಿತು. ಹೆಚ್ಚಿನ ಇಫ್ತಾರ್‌ಗಳು ಬಸ್ಸಿನಲ್ಲೇ ಆದವು. ಜೇಬಿನಲ್ಲಿ ಎರಡು ಖರ್ಜೂರ. ಒಂದು ಸಂಜೆ ನೀರಿನ ಬಾಟಲಿ ಮರೆತಿದ್ದಾಗ ನಿರ್ವಾಹಕರು ತಮ್ಮದನ್ನು ನೀಡಿದರು. ಮಸೀದಿಯ ಪಕ್ಕದಲ್ಲೇ ಮನೆ ಹಿಡಿದವನು ವಾರದ ದಿನಗಳಲ್ಲಿ ಆ ಮಸೀದಿಯಲ್ಲಿ ನಿರ್ವಹಿಸುತ್ತಿದ್ದದ್ದು ಸುಬ್‌ಹಿ ಜಮಾಅತ್ ಮತ್ತು ಸಿಕ್ಕರೆ ಇಶಾ ಮಾತ್ರ. ಮಗ್ರಿಬ್ ಬಸ್ ನಿಲ್ದಾಣದ ಮೂಲೆಯಲ್ಲಿ, ಕೈಚೀಲದ ಮುಂದೆ.

ಉಮರ್(ರ)ರು ಮದೀನಾದ ಮೇಲ್ಭಾಗದಲ್ಲಿ ವಾಸವಿದ್ದಾಗ ತಮ್ಮ ಅನ್ಸಾರಿ ನೆರೆಯವರೊಡನೆ ಸರದಿ ಮಾಡಿಕೊಂಡಿದ್ದರಂತೆ. ಒಂದು ದಿನ ಇವರು ಪ್ರವಾದಿ(ಸ)ರ ಸನ್ನಿಧಿಗೆ ಹೋಗಿಬಂದು ಅಂದಿನ ವಿಷಯ ತಿಳಿಸುವುದು, ಮರುದಿನ ಅವರು. ಬುಖಾರಿಯಲ್ಲಿ ಬರುವ ಈ ಘಟನೆಯನ್ನು ನೆನೆದು ನಾನೂ ಸಹೋದ್ಯೋಗಿಯೊಬ್ಬರೊಡನೆ ಸಂಜೆಯ ಅವಧಿಯನ್ನು ಸರದಿಗೆ ಹಂಚಿಕೊಂಡೆ. ಸ್ವಲ್ಪ ಹಗುರವಾಯಿತು. ಅಷ್ಟರಲ್ಲಿ ಆಗಸ್ಟ್ ಬಂತು.

ಆ ದಿನ ನನ್ನ ಸರದಿ. ಮಗನಿಗೆ ಜ್ವರವಿದೆಯೆಂದು ಬೆಳಗ್ಗೆಯೇ ಗೊತ್ತಿತ್ತು. ಔಷಧಿ ಕೊಡುವಂತೆ ತಿಳಿಸಿ ಬಸ್ಸು ಹತ್ತಿದ್ದೆ. ತರಗತಿಯ ನಿಯಮದಂತೆ ಮೊಬೈಲ್ ಮೌನದಲ್ಲಿತ್ತು. ಆರು ಗಂಟೆಗೆ ತೆಗೆದು ನೋಡಿದರೆ ಮನೆಯಿಂದ ಹನ್ನೊಂದು ಕರೆ. ಜ್ವರ ಏರಿ ಮಗುವಿಗೆ ಸೆಳೆತ ಬಂದಿತ್ತು. ಯಾರ ಬಾಗಿಲನ್ನೂ ತಟ್ಟಲು ಧೈರ್ಯವಾಗದೆ, ಏನೆಂದು ಹೇಳಬೇಕೆಂದು ತಿಳಿಯದೆ, ಅವಳು ಒಂದು ಕೈಯಲ್ಲಿ ಮಗನನ್ನೆತ್ತಿ ಇನ್ನೊಂದರಲ್ಲಿ ಮಗಳನ್ನು ಹಿಡಿದು ರಸ್ತೆಗೆ ಓಡಿ ಆಟೋ ಹತ್ತಿದ್ದಳು. ಸರಕಾರಿ ಆಸ್ಪತ್ರೆಯವರು ತಕ್ಷಣ ನೋಡಿದರು. ಅಲ್‌ಹಮ್ದುಲಿಲ್ಲಾಹ್, ನಾನು ತಲುಪುವಾಗ ಮಗು ನಿದ್ರಿಸುತ್ತಿತ್ತು. ಚಿಕ್ಕ ಮಕ್ಕಳಲ್ಲಿ ಜ್ವರಕ್ಕೆ ಹೀಗಾಗುವುದುಂಟು, ಹೆದರಬೇಡಿ ಎಂದು ವೈದ್ಯೆ ಸಮಾಧಾನ ಹೇಳಿದರು.

ಮಂಚದ ಬಳಿ ನಿಂತು ನಾನು ಆಡಿದ ಮೊದಲ ಮಾತು ಈಗಲೂ ನಾಚಿಕೆ ತರುತ್ತದೆ. "ನೋಡಿದೆಯಾ, ಆಸ್ಪತ್ರೆ ಹತ್ತಿರವಿದ್ದದ್ದು ಎಷ್ಟು ಒಳ್ಳೆಯದಾಯಿತು!"

ಅವಳು ಮಗನ ಹಣೆಯಿಂದ ಕೈ ತೆಗೆಯದೆ ಹೇಳಿದಳು: "ಆಸ್ಪತ್ರೆ ಹತ್ತಿರವಿತ್ತು. ನೀವು ಇರಲಿಲ್ಲ."

ಆ ವಾರವೇ ಹೊಳೆನರಸೀಪುರದಲ್ಲಿ ಮನೆ ಹುಡುಕತೊಡಗಿದೆವು. ಈ ಸಲ ಇಬ್ಬರೂ ಕೂಡಿ. ಮಸೀದಿಯ ಸುತ್ತಮುತ್ತ ಒಂದೂ ಖಾಲಿಯಿರಲಿಲ್ಲ. ಬೇರೆ ಬೀದಿಗಳಲ್ಲಿ ಬಾಡಿಗೆಗಿದೆ ಎಂಬ ಹಲಗೆ ನೋಡಿ ಬಾಗಿಲು ತಟ್ಟಿದೆವು. ಮೂರು ಕಡೆ ಹೆಸರು ಕೇಳುವವರೆಗೆ ಮನೆ ಖಾಲಿಯಿತ್ತು, ಹೆಸರು ಹೇಳಿದ ಮೇಲೆ ನಿನ್ನೆಯೇ ಯಾರಿಗೋ ಮಾತು ಕೊಟ್ಟಾಗಿತ್ತು. ಮೂರನೆಯ ಕಡೆ ಮಗಳು, "ಉಪ್ಪಾ, ಹಾಗಾದರೆ ಹಲಗೆ ಯಾಕೆ ತೆಗೆದಿಲ್ಲ?" ಎಂದಳು. ಅವರ ಮನೆ, ಅವರ ಇಷ್ಟ ಎಂದು ನಾನು ನನಗೆ ಹೇಳಿಕೊಂಡ ಸಮಾಧಾನವನ್ನು ಏಳು ವರ್ಷದ ಮಗುವಿಗೆ ಹೇಳಲು ನಾಲಿಗೆ ಬರಲಿಲ್ಲ. ಮರೆತಿದ್ದಾರೆ ಎಂದೆ. ಅದು ಸುಳ್ಳೆಂದು ಅವಳಿಗೂ ತಿಳಿದಿತ್ತೆಂದು ಈಗ ಅನಿಸುತ್ತದೆ.

ನಾಲ್ಕನೆಯ ಮನೆಯವರು ವಯಸ್ಸಾದ ಒಬ್ಬ ವಿಧವೆ. ನಮ್ಮ ಹೆಸರು ಕೇಳಿ ಸ್ವಲ್ಪ ಹೊತ್ತು ನನ್ನನ್ನಲ್ಲ, ಮಕ್ಕಳನ್ನು ನೋಡಿದರು. "ಮೇಷ್ಟ್ರೇ, ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತೆ. ಬಾವಿಯಿಂದ ಸೇದೋಕೆ ಆಗುತ್ತಾ ನಿಮ್ಮ ಮನೆಯವರಿಗೆ?" ಎಂದರು. ಆಗುತ್ತದೆ ಎಂದಳು ನನ್ನ ಮಡದಿ, ಬಾವಿಯಿರುವ ಊರಿನವಳು. ಇನ್ನೊಂದೇ ಷರತ್ತು: "ಮೀನು ಹುರಿಯೋ ದಿವಸ ಹಿತ್ತಲ ಕಡೆ ಕಿಟಕಿ ತೆಗೀರಿ, ನನ್ನ ಕಡೇದು ಬೇಡ."

ಮನೆಗಿಂತ ಮೊದಲು ನೆರೆಯವರನ್ನು ವಿಚಾರಿಸಿರೆಂಬ ಮಾತನ್ನು ಹದೀಸ್ ಎಂದೇ ಅನೇಕರು ಉದ್ಧರಿಸುತ್ತಾರೆ. ಅದರ ಸನದು ದುರ್ಬಲವೆಂದು ಮುಹದ್ದಿಸರು ಹೇಳಿದ್ದಾರೆ. ಅದನ್ನು ಪ್ರವಾದಿವಚನವೆಂದು ಹೇಳುವಾಗ ಎಚ್ಚರವಿರಲಿ. ಅನುಭವದ ಮಾತಾಗಿ ಅದಕ್ಕೆ ನನ್ನ ಸಾಕ್ಷ್ಯವಿದೆ. ಆ ಅಜ್ಜಿ ಮೊದಲ ವಾರದಲ್ಲೇ ನನ್ನ ಮಡದಿಗೆ ಮುದ್ದೆ ತೊಳೆಸಲು ಕಲಿಸಿದರು. ನಮ್ಮ ಕುಚ್ಚಲಕ್ಕಿ ಗಂಜಿಯನ್ನು ಮಾತ್ರ ಅವರು ಕೊನೆಯವರೆಗೂ ಒಪ್ಪಲಿಲ್ಲ. ನಮ್ಮ ಕರಾವಳಿಯ ಪುಸ್ತಕದಂಥ ಕನ್ನಡವನ್ನು ಕೇಳಿ ಬೀದಿಯ ಮಕ್ಕಳು ನಗುತ್ತಿದ್ದರು. ಎರಡು ತಿಂಗಳಲ್ಲಿ ಮಗಳು ಅವರದೇ ಧಾಟಿಯಲ್ಲಿ ಜಗಳವಾಡತೊಡಗಿದಳು. ಅವಳ ಗಂಟಲು ತೆರೆದದ್ದನ್ನು ಕೇಳಿ ನಾನು ಕನ್ನಡ ಅಧ್ಯಾಪಕನಾಗಿಯೂ ತಿದ್ದಲು ಹೋಗಲಿಲ್ಲ.

ಇಲ್ಲೂ ಮದ್ರಸದ ಪಾಠ ಉರ್ದುವೇ. ಆದರೆ ಈಗ ನಾನು ಮನೆಯಲ್ಲಿದ್ದೆ. ಅಲ್ಲಿ ಕಲಿತದ್ದನ್ನು ರಾತ್ರಿ ಬ್ಯಾರಿಯಲ್ಲಿ ಬಿಡಿಸಿ ಹೇಳುತ್ತಿದ್ದೆ.

ಊರಿನ ಹಿರಿಯರೊಬ್ಬರು ಬಂದಿದ್ದಾಗ ಬಹಳ ಬೇಸರಿಸಿದರು. ಸುತ್ತ ನಮ್ಮವರ ಒಂದು ಮನೆಯೂ ಇಲ್ಲ, ಮಸೀದಿಗೆ ಇಪ್ಪತ್ತು ನಿಮಿಷದ ನಡಿಗೆ, ಉಸ್ತಾದನಾದವನು ಹೀಗೆ ಮಾಡಬಹುದೇ ಎಂದರು. ಅವರ ಆತಂಕ ಸುಳ್ಳಲ್ಲ. ಆ ಮೂರು ಬಾಗಿಲುಗಳನ್ನು ನಾನೂ ನೋಡಿದವನು. ಕಷ್ಟಕಾಲದಲ್ಲಿ ನಮ್ಮವರ ನಡುವೆ ಇರಬೇಕೆಂಬ ಆಸೆಯನ್ನು ಸಂಕುಚಿತತೆ ಎಂದು ತಳ್ಳಿಹಾಕುವುದು ಅನ್ಯಾಯ. ನಾನು ಅವರಿಗೆ ಬನೂ ಸಲಿಮಾದವರ ವಿಷಯ ಹೇಳಿದೆ. ಅವರ ಮನೆಗಳು ಮಸ್ಜಿದುನ್ನಬವಿಯಿಂದ ದೂರವಿದ್ದವು. ಮಸೀದಿಯ ಹತ್ತಿರಕ್ಕೆ ಬಂದು ನೆಲೆಸಲು ಅವರು ಬಯಸಿದಾಗ ಪ್ರವಾದಿ(ಸ)ರು ಇದ್ದಲ್ಲಿಯೇ ಇರುವಂತೆ ತಿಳಿಸಿ, ನಡೆದುಬರುವ ಹೆಜ್ಜೆಗಳಿಗೆ ಪ್ರತಿಫಲವಿದೆಯೆಂದು ಸಂತೈಸಿದರು. ಮದೀನಾದ ಆ ಅಂಚು ಬರಿದಾಗುವುದು ಅವರಿಗೆ ಇಷ್ಟವಿರಲಿಲ್ಲವೆಂದು ಅನಸ್(ರ)ರ ವರದಿಯಲ್ಲಿದೆ. ಹೆಜ್ಜೆಗಳ ಪ್ರತಿಫಲವನ್ನು ನಾವು ಪ್ರವಚನಗಳಲ್ಲಿ ಧಾರಾಳವಾಗಿ ಹೇಳುತ್ತೇವೆ. ಊರಿನ ಅಂಚು ಬರಿದಾಗಬಾರದೆಂಬ ಆ ಕಾಳಜಿಯನ್ನು ಅಷ್ಟಾಗಿ ಹೇಳುವುದಿಲ್ಲ. ಹಿರಿಯರು ಒಪ್ಪಿದರೆಂದು ಹೇಳಲಾರೆ. ಸಂಜೆ ನನ್ನೊಡನೆ ಮಗ್ರಿಬ್‌ಗೆ ನಡೆದುಬಂದರು. ಮಂಡಿ ನೋವೆಂದು ಹಿಂದಿರುಗುವಾಗ ಆಟೋ ಮಾಡಿಸಿಕೊಂಡರು.

ಕಳೆದುಕೊಂಡದ್ದೂ ಇದೆ. ಮಗನಿಗೆ ಇನ್ನೊಮ್ಮೆ ಸೆಳೆತ ಬಂದರೆ ಹಾಸನಕ್ಕೇ ಓಡಬೇಕಾದೀತೆಂಬ ಭಯ ಅವನಿಗೆ ಆರು ತುಂಬುವವರೆಗೂ ನಮ್ಮ ಎದೆಯಲ್ಲಿತ್ತು. ಮಡದಿಯ ಅಕ್ಕ ಚನ್ನರಾಯಪಟ್ಟಣಕ್ಕೆ ನಾವು ಹೋಗಲಿಲ್ಲವೆಂಬ ಮುನಿಸನ್ನು ಎರಡು ಈದ್‌ಗಳವರೆಗೆ ಬಿಡಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಅವರ ಮಗ ಮನೆ ಮಾರಿದರು. ನಾವು ಎರಡು ಬೀದಿಯಾಚೆಗೆ ಬಂದೆವು. ಈ ಸಲ ಮನೆ ಕೇಳಿದ್ದು ನಾನಲ್ಲ, ಬೀದಿಯವರೇ ಹೇಳಿ ಕೊಡಿಸಿದರು.

ಕಳೆದ ತಿಂಗಳು ನಮ್ಮ ಊರಿನ ಕಡೆಯ ತರುಣ ಅಧ್ಯಾಪಕರೊಬ್ಬರು ಕರೆ ಮಾಡಿದ್ದರು. ಚನ್ನರಾಯಪಟ್ಟಣದಲ್ಲಿ ಕೆಲಸವಾಗಿದೆ, ಹೊಸದಾಗಿ ಮಗುವಾಗಿದೆ, ಉಸ್ತಾದರೇ, ಮಸೀದಿಯ ಹತ್ತಿರ ಒಂದು ಮನೆ ನೋಡಿಕೊಡಿ ಎಂದರು. ನೋಡೋಣ ಎಂದೆ. ಶಾಲೆ ಎಷ್ಟು ಹೊತ್ತಿಗೆ ಬಿಡುತ್ತದೆ, ಮನೆಯವರಿಗೆ ಯಾವ ಯಾವ ಭಾಷೆ ಬರುತ್ತದೆ, ಅವರಿಗೆ ಎಲ್ಲಿ ಇರಲು ಇಷ್ಟ ಎಂದು ವಿಚಾರಿಸಿದೆ. ಮೊದಲಿನೆರಡಕ್ಕೆ ತಕ್ಷಣ ಉತ್ತರ ಬಂತು. ಮೂರನೆಯದನ್ನು ಕೇಳಿ ತಿಳಿಸುತ್ತೇನೆಂದು ಫೋನಿಟ್ಟರು.